ಬೀಗ ಬಿದ್ದ ಅಧ್ಯಕ್ಷರ ಕೊಠಡಿ

2025ರ ಸೆಪ್ಟೆಂಬರ್ ಮೊದಲ ವಾರದಲ್ಲಿ ರಾಜ್ಯ ಸಚಿವ ಸಂಪುಟ ಒಂದು ತೀರ್ಮಾನ ಮಾಡಿತು. ಸ್ಥಳೀಯ ಸಂಸ್ಥೆಗಳ ಚುನಾವಣೆಯಲ್ಲಿ ಮತಯಂತ್ರ ಬಿಟ್ಟು ಮತಪತ್ರ ಬಳಸಿ ಎಂದು ರಾಜ್ಯ ಚುನಾವಣಾ ಆಯೋಗಕ್ಕೆ ಶಿಫಾರಸು ಕಳಿಸುವುದೆಂದು ನಿರ್ಧರಿಸಿತು. ಮಾರನೆಯ ದಿನದಿಂದ ತಾಲ್ಲೂಕು ಕೇಂದ್ರಗಳ ಬಸ್‌ಸ್ಟ್ಯಾಂಡ್ ಹೋಟೆಲುಗಳಲ್ಲಿ ಬೈಟು ಕಾಫಿಗೆ ನಂಜಿಕೊಳ್ಳಲು ಅದೇ ವಿಷಯ. ಯಂತ್ರದೊಳಗೆ ಏನು ನಡೆಯುತ್ತದೋ ಯಾರಿಗೆ ಗೊತ್ತು ಎನ್ನುವವರದು ಒಂದು ಮೇಜು. ಮತಪತ್ರದ ಕಾಲದಲ್ಲಿ ಪೆಟ್ಟಿಗೆಗಳನ್ನೇ ಹೊತ್ತೊಯ್ದ ಕಥೆ ಮರೆತಿರಾ ಎನ್ನುವವರದು ಇನ್ನೊಂದು. ಟಿ.ವಿ. ಚರ್ಚೆಗಳಲ್ಲೂ ಇದೇ ಎರಡು ಮೇಜು, ದನಿ ಮಾತ್ರ ಇನ್ನೂ ಜೋರು. ಆ ಚುನಾವಣೆ ಯಾವ ತಾರೀಕಿಗೆ ಎಂಬ ಪ್ರಶ್ನೆ ಮಾತ್ರ ಎರಡೂ ಮೇಜುಗಳಲ್ಲಿ ಅಷ್ಟಾಗಿ ಏಳಲಿಲ್ಲ.

ಆ ಹೋಟೆಲಿನಿಂದ ಪುರಸಭೆ ಕಚೇರಿಗೆ ಹೆಚ್ಚು ದೂರವಿರುವುದಿಲ್ಲ. ಹಳೆಯ ಪುರಸಭೆಗಳ ಗೋಡೆಯ ಮೇಲೆ ಒಂದು ಮರದ ಹಲಗೆ ಇರುತ್ತದೆ. ಇಲ್ಲಿಯತನಕ ಅಧ್ಯಕ್ಷರಾದವರ ಹೆಸರು, ಯಾವಾಗಿನಿಂದ ಯಾವಾಗಿನವರೆಗೆ ಎಂಬುದು ಬಿಳಿ ಬಣ್ಣದಲ್ಲಿ. ಹೆಸರುಗಳ ನಡುವೆ ಅಲ್ಲಲ್ಲಿ ಹೆಸರೇ ಇಲ್ಲದ ಒಂದು ಸಾಲು ಬರುತ್ತದೆ: ಆಡಳಿತಾಧಿಕಾರಿ. ಅಂದರೆ ಆಗ ಅಧ್ಯಕ್ಷರಿರಲಿಲ್ಲ, ಅವರ ಜಾಗದಲ್ಲಿ ಸರ್ಕಾರಿ ಅಧಿಕಾರಿಯೊಬ್ಬರಿದ್ದರು. ಈಚಿನ ವರ್ಷಗಳಿಗೆ ಬಂದಂತೆ ಈ ಸಾಲುಗಳೂ ಉದ್ದವಾಗಿವೆ.

ಎಷ್ಟು ಉದ್ದ ಎಂಬುದಕ್ಕೆ 2018ರ ಚುನಾವಣೆಯನ್ನೇ ನೋಡಬಹುದು. ಆ ವರ್ಷದ ಆಗಸ್ಟ್ 31ರಂದು ರಾಜ್ಯದ ನೂರಕ್ಕೂ ಹೆಚ್ಚು ನಗರ ಸ್ಥಳೀಯ ಸಂಸ್ಥೆಗಳಿಗೆ ಮತದಾನವಾಯಿತು, ಸೆಪ್ಟೆಂಬರ್ 3ರಂದು ಎಣಿಕೆ ಮುಗಿಯಿತು. ಗೆದ್ದವರು ಹಾರ ಹಾಕಿಸಿಕೊಂಡು ಮೆರವಣಿಗೆ ಹೊರಟರು. ಆ ತಿಂಗಳಲ್ಲೇ ಅಧ್ಯಕ್ಷ, ಉಪಾಧ್ಯಕ್ಷ ಸ್ಥಾನಗಳ ಮೀಸಲಾತಿ ಪಟ್ಟಿ ಹೊರಬಂತು, ಹೊರಬಂದಷ್ಟೇ ಬೇಗ ಹೈಕೋರ್ಟ್ ಮೆಟ್ಟಿಲೇರಿತು. ಪಟ್ಟಿ ಬದಲಾಯಿತು, ಮತ್ತೆ ತಕರಾರು ಬಂತು. ಕೊನೆಗೆ 2020ರ ಅಕ್ಟೋಬರ್‌ನಲ್ಲಿ ಹೊಸ ಅಧಿಸೂಚನೆ ಬಂದ ಮೇಲೆ ಅಕ್ಟೋಬರ್–ನವೆಂಬರ್ ಹೊತ್ತಿಗೆ ಅಧ್ಯಕ್ಷರ ಆಯ್ಕೆ ನಡೆಯಿತು. ಗೆದ್ದವರು ಎರಡು ವರ್ಷಕ್ಕೂ ಹೆಚ್ಚು ಕಾಲ ಸಭೆಯಿಲ್ಲದ ಸದಸ್ಯರಾಗಿದ್ದರು. ನಮ್ಮಲ್ಲಿ ಅಧ್ಯಕ್ಷರ ಅವಧಿ ಮೂವತ್ತು ತಿಂಗಳು. ಮೊದಲ ಕಂತು 2023ರ ನಡುವಿಗೆ ಮುಗಿಯಿತು. ಎರಡನೇ ಕಂತಿನ ಮೀಸಲಾತಿ ಪಟ್ಟಿ ಬಂದದ್ದು 2024ರ ಆಗಸ್ಟ್‌ನಲ್ಲಿ, ಅಂದರೆ ಮತ್ತೆ ಒಂದು ವರ್ಷದ ಮೇಲೆ ಆಡಳಿತಾಧಿಕಾರಿಯ ಸಾಲು. ಸದಸ್ಯರ ಐದು ವರ್ಷದ ಲೆಕ್ಕ ಶುರುವಾಗುವುದು ಮೊದಲ ಸಭೆಯ ದಿನದಿಂದ. ಹಾಗಾಗಿ 2018ರಲ್ಲಿ ಗೆದ್ದವರು 2025ರ ಕೊನೆಯವರೆಗೂ ಸದಸ್ಯರೆನಿಸಿಕೊಂಡರು. ಈ ಏಳು ವರ್ಷಗಳಲ್ಲಿ ಹೆಚ್ಚೂಕಡಿಮೆ ಅರ್ಧ ಕಾಲ ಅಧ್ಯಕ್ಷರ ಕೊಠಡಿಗೆ ಬೀಗ ಬಿದ್ದಿತ್ತು.

ಅಷ್ಟು ಕಾಲ ಬೀಗ ಬಿದ್ದಿದ್ದರೂ ಊರಿಗೆ ಅದು ಕೊರತೆ ಎನಿಸಲಿಲ್ಲ. ಯಾವ ಊರಲ್ಲೂ ಅಂಗಡಿ ಮುಚ್ಚಿ 'ನಮಗೆ ಅಧ್ಯಕ್ಷರನ್ನು ಕೊಡಿ' ಎಂದು ಜನ ಬೀದಿಗಿಳಿದ ಹಾಗೆ ಕಾಣಲಿಲ್ಲ. ಕೋರ್ಟಿಗೆ ಹೋದವರಲ್ಲೂ ಹೆಚ್ಚಿನವರು ಕುರ್ಚಿಯ ಆಕಾಂಕ್ಷಿಗಳು. ಸಣ್ಣ ಊರಿನ ರಾಜಕಾರಣದ ಬಗ್ಗೆ ಮಾತಾಡುವಾಗ ಭ್ರಷ್ಟಾಚಾರ, ಗುಂಪುಗಾರಿಕೆ, ರೆಸಾರ್ಟ್ ಯಾತ್ರೆ ಎಂದು ಹಳಿಯುವುದು ಸುಲಭ, ಹಳಿಯಲು ಕಾರಣಗಳೂ ಇವೆ. ಅದಕ್ಕಿಂತ ದೊಡ್ಡ ರೋಗ ಈ ನಿರುಮ್ಮಳ. ಪುರಸಭೆಯ ಕೈಯಲ್ಲಿ ಏನೂ ಉಳಿದಿಲ್ಲದ ಕಾರಣ ಅದು ಇಲ್ಲದಾಗ ಯಾರಿಗೂ ಗೊತ್ತಾಗುವುದಿಲ್ಲ. ಗೊತ್ತಾಗದ ಕಾರಣ ಅದಕ್ಕೆ ಏನಾದರೂ ಕೊಡಿ ಎಂಬ ಒತ್ತಾಯವೂ ಹುಟ್ಟುವುದಿಲ್ಲ.

ಕೈಯಲ್ಲಿ ಏನೂ ಇಲ್ಲ ಎಂಬುದನ್ನು ಬಿಡಿಸಿ ಹೇಳಬೇಕು. ಸಂವಿಧಾನದ 74ನೇ ತಿದ್ದುಪಡಿ 1993ರ ಜೂನ್ 1ರಿಂದ ಜಾರಿಗೆ ಬಂತು. ಹನ್ನೆರಡನೇ ಅನುಸೂಚಿಯಲ್ಲಿ ನಗರಸಂಸ್ಥೆಗಳಿಗೆ ವಹಿಸಬಹುದಾದ ಹದಿನೆಂಟು ಹೊಣೆಗಳ ಪಟ್ಟಿ ಇದೆ: ನಗರ ಯೋಜನೆ, ನೀರು, ರಸ್ತೆ, ನೈರ್ಮಲ್ಯ, ಕೊಳೆಗೇರಿ ಸುಧಾರಣೆ, ಸ್ಮಶಾನ, ಬೀದಿದೀಪ ಹೀಗೆ. ಮೂರು ದಶಕ ಕಳೆದು, 2024ರ ನವೆಂಬರ್‌ನಲ್ಲಿ ಸಿಎಜಿ ಹದಿನೆಂಟು ರಾಜ್ಯಗಳ ಲೆಕ್ಕಪರಿಶೋಧನೆಯ ಸಾರವನ್ನು ಪ್ರಕಟಿಸಿತು. ಕಾಗದದ ಮೇಲೆ ಬಹುತೇಕ ಎಲ್ಲ ಹೊಣೆಗಳೂ ವರ್ಗವಾಗಿವೆ, ಪೂರ್ಣ ಸ್ವಾಯತ್ತತೆಯೊಂದಿಗೆ ಸಂಸ್ಥೆಗಳ ಕೈಗೆ ಬಂದಿರುವುದು ಸರಾಸರಿ ನಾಲ್ಕು ಎಂದಿತು ಆ ವರದಿ. ಆದಾಯದಲ್ಲಿ ಸ್ವಂತದ್ದು ಶೇ 32 ಮಾತ್ರ. ಮಂಜೂರಾದ ಹುದ್ದೆಗಳಲ್ಲಿ ಶೇ 37 ಖಾಲಿ.

ಈ ಅಂಕಿಗಳು ಸಣ್ಣ ಊರಿನಲ್ಲಿ ಹೇಗೆ ಕಾಣುತ್ತವೆ? ನೀರನ್ನೇ ನೋಡಿ. ಯೋಜನೆ ರೂಪಿಸಿ ಟೆಂಡರ್ ಕರೆದು ಪೈಪು ಹೂಳುವುದು ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ. ಒಳಚರಂಡಿಯೂ ಅದರದೇ. ಕೆಲಸ ಮುಗಿದ ಮೇಲೆ, ಎಷ್ಟೋ ಸಲ ಅರ್ಧಂಬರ್ಧ ಮುಗಿದ ಮೇಲೆ, ಪುರಸಭೆಗೆ ಹಸ್ತಾಂತರ. ಅಲ್ಲಿಂದ ಮುಂದೆ ಒಡೆದ ಪೈಪು, ಉಕ್ಕುವ ಮ್ಯಾನ್‌ಹೋಲು, ಪಂಪ್‌ಹೌಸಿನ ಕರೆಂಟ್ ಬಿಲ್ಲು ಎಲ್ಲ ಪುರಸಭೆಯ ಪಾಲು. ಹಾಗಾಗಿ ಊರಿನ ದೃಷ್ಟಿಯಲ್ಲಿ ಪುರಸಭೆ ಎಂದರೆ ನೀರು ಬಿಡುವ ನೀರುಗಂಟಿ, ಕಂದಾಯ ಕೇಳುವ ಬಿಲ್ ಕಲೆಕ್ಟರ್, ಬೆಳಗಿನ ಜಾವ ಪೊರಕೆ ಹಿಡಿದು ಬರುವ ಪೌರಕಾರ್ಮಿಕರು. ಪೈಪಿನ ಸುತ್ತಳತೆ ಎಷ್ಟಿರಬೇಕು, ಯಾವ ಬೀದಿಗೆ ಮೊದಲು ಎಂದು ತೀರ್ಮಾನಿಸಿದವರು ಆ ಊರಿನವರಲ್ಲ, ಆ ಊರಿಗೆ ಲೆಕ್ಕ ಒಪ್ಪಿಸಬೇಕಾದವರೂ ಅಲ್ಲ.

ಲೇಔಟ್‌ಗಳ ಕಥೆಯೂ ಇದೇ. ನಕ್ಷೆಗೆ ಒಪ್ಪಿಗೆ ಕೊಡುವುದು ನಗರಾಭಿವೃದ್ಧಿ ಪ್ರಾಧಿಕಾರ ಅಥವಾ ಯೋಜನಾ ಪ್ರಾಧಿಕಾರ. ಅದರ ಅಧ್ಯಕ್ಷರನ್ನು ಸರ್ಕಾರ ನೇಮಿಸುತ್ತದೆ, ಸಾಮಾನ್ಯವಾಗಿ ಆಳುವ ಪಕ್ಷದಲ್ಲಿ ಟಿಕೆಟ್ ತಪ್ಪಿದವರೊಬ್ಬರ ಸಮಾಧಾನಕ್ಕೆ. ಊರ ಸುತ್ತಿನ ಹೊಲಗಳು ಮೂವತ್ತು–ನಲವತ್ತರ ನಿವೇಶನಗಳಾಗುತ್ತವೆ. ಒಪ್ಪಿಗೆ ಪಡೆದವೂ ಇವೆ, ಪಡೆಯದ ಕಂದಾಯ ನಿವೇಶನಗಳೂ ಇವೆ. ಕೊಂಡವರು ಮನೆ ಕಟ್ಟಿ ದೀಪ ಎಲ್ಲಿ, ಚರಂಡಿ ಎಲ್ಲಿ ಎಂದು ಕೇಳಲು ಹೋಗುವುದು ಪುರಸಭೆಗೆ. 2025ರ ಆರಂಭದಲ್ಲಿ ಬೆಂಗಳೂರಿನ ಹೊರಗಿನ ಊರುಗಳಲ್ಲೂ ಇಂಥ ಆಸ್ತಿಗಳಿಗೆ ಬಿ–ಖಾತೆ ಕೊಡುವ ಅಭಿಯಾನ ಶುರುವಾದಾಗ ಪುರಸಭೆ ಕೌಂಟರುಗಳ ಮುಂದೆ ಸಾಲು ಬೆಳೆಯಿತು. ಊರಿನ ಬೆಳವಣಿಗೆಯ ನಕ್ಷೆಯನ್ನೇ ಬದಲಿಸುವ ಆ ತೀರ್ಮಾನ ಬಂದದ್ದು ವಿಧಾನಸೌಧದಿಂದ. ಅರ್ಜಿ ಪಡೆದು ತೆರಿಗೆ ಕಟ್ಟಿಸಿಕೊಳ್ಳುವುದಷ್ಟೇ ಪುರಸಭೆಯ ಕೆಲಸ.

ತೆರಿಗೆಯಲ್ಲಾದರೂ ಸ್ವಾತಂತ್ರ್ಯ ಇದೆಯೇ ಎಂದರೆ, ಆಸ್ತಿ ತೆರಿಗೆಯನ್ನು ಮಾರ್ಗಸೂಚಿ ಬೆಲೆಗೆ ಜೋಡಿಸಿ, ವರ್ಷಕ್ಕೆ ಶೇ 3ರಿಂದ 5ರಷ್ಟು ಏರಿಸಬೇಕೆಂಬ ಕಟ್ಟಳೆ ಈಗ ಇದೆ. ಸಭೆ ಗದ್ದಲ ಮಾಡಿ, ಮೇಜು ಕುಟ್ಟಿ, ಸಭಾತ್ಯಾಗ ಮಾಡಿ ಕೊನೆಗೆ ತೀರ್ಮಾನಿಸಬಹುದಾದದ್ದು ಮೂರೋ, ನಾಲ್ಕೋ, ಐದೋ ಎಂಬುದನ್ನು. ಉಳಿದ ಹಣ ಬರುವುದು ರಾಜ್ಯ ಹಣಕಾಸು ಆಯೋಗದ ಅನುದಾನ, ಕೇಂದ್ರ ಹಣಕಾಸು ಆಯೋಗದ ಅನುದಾನ, ನಗರೋತ್ಥಾನದಂಥ ಯೋಜನೆಗಳಿಂದ. ಒಂದೊಂದಕ್ಕೂ ಇಂತಿಂಥದ್ದಕ್ಕೇ ಇಷ್ಟಿಷ್ಟು ಎಂಬ ಷರತ್ತು. ಕ್ರಿಯಾಯೋಜನೆ ಜಿಲ್ಲಾಧಿಕಾರಿ ಕಚೇರಿಗೆ ಹೋಗಿ ಮಂಜೂರಾಗಿ ಬರಬೇಕು. ಸಭೆಯ ಠರಾವು ಸರಿಯಿಲ್ಲ ಎನಿಸಿದರೆ ಜಿಲ್ಲಾಧಿಕಾರಿ ಅದನ್ನು ತಡೆಹಿಡಿಯಬಹುದು. ಮುಖ್ಯಾಧಿಕಾರಿಯ ವರ್ಗಾವಣೆ ಬೆಂಗಳೂರಿನಲ್ಲಿ ಆಗುತ್ತದೆ. ಹೀಗಿರುವಾಗ ಅಧ್ಯಕ್ಷರ ಬೈಗುಳಕ್ಕೆ ಅವರು ಎಷ್ಟರಮಟ್ಟಿಗೆ ಹೆದರಬೇಕು?

ಹಾಗಾದರೆ ಅಧಿಕಾರ ಎಲ್ಲಿದೆ? ಒಂದು ಪಾಲು ಜಿಲ್ಲಾಡಳಿತದಲ್ಲಿದೆ. ಇನ್ನೊಂದು, ಬಹುಶಃ ದೊಡ್ಡ ಪಾಲು, ಶಾಸಕರ ಮನೆಯಲ್ಲಿದೆ. ಶಾಸಕರು ಪುರಸಭೆಯ ಪದನಿಮಿತ್ತ ಸದಸ್ಯರು, ಅಧ್ಯಕ್ಷರ ಚುನಾವಣೆಯಲ್ಲಿ ಅವರಿಗೂ ಮತವುಂಟು. ಬಡವರಿಗೆ ನಿವೇಶನ, ಮನೆ ಹಂಚುವ ಆಶ್ರಯ ಸಮಿತಿಗೆ ಅವರೇ ಅಧ್ಯಕ್ಷರು. ಸರ್ಕಾರ ನಾಮನಿರ್ದೇಶನ ಮಾಡುವ ಸದಸ್ಯರ ಪಟ್ಟಿ ಅವರ ಕೈಯಿಂದಲೇ ಹೋಗುವುದು ವಾಡಿಕೆ. ಅನುದಾನ ತಂದವರೂ ಅವರೇ, ಗುದ್ದಲಿಪೂಜೆಯೂ ಅವರದೇ. ವಾರ್ಡ್ ಸದಸ್ಯರು ಫೋಟೊದಲ್ಲಿ ಎರಡನೇ ಸಾಲಿನಲ್ಲಿ ಕತ್ತು ಚಾಚಿ ನಿಂತಿರುತ್ತಾರೆ. ಇದರಲ್ಲಿ ಯಾವ ಪಕ್ಷವೂ ಮಡಿವಂತವಲ್ಲ. ಪುರಸಭೆಗೆ ಚುನಾವಣೆ ತಡವಾದರೆ ನಷ್ಟ ಯಾರಿಗೆ, ಲಾಭ ಯಾರಿಗೆ ಎಂದು ಯೋಚಿಸಿದರೆ, ಸರ್ಕಾರ ಯಾವ ಪಕ್ಷದ್ದೇ ಇದ್ದರೂ ತಡ ಮಾತ್ರ ತಪ್ಪದಿರುವುದಕ್ಕೆ ಕಾರಣ ಹೊಳೆಯುತ್ತದೆ. 2018ರಿಂದ 2025ರ ನಡುವೆ ರಾಜ್ಯವನ್ನು ಕಾಂಗ್ರೆಸ್–ಜೆಡಿಎಸ್ ಮೈತ್ರಿ, ಬಿಜೆಪಿ, ಮತ್ತೆ ಕಾಂಗ್ರೆಸ್ ಆಳಿದವು. ಬೀಗ ಬದಲಾಗಲಿಲ್ಲ.

ವಾರ್ಡ್ ಸದಸ್ಯರ ಕಡೆಗೂ ಸ್ವಲ್ಪ ನೋಡಬೇಕು, ಅವರನ್ನು ನೋಡಿ ನಗುವವರೇ ಹೆಚ್ಚು. ಇಪ್ಪತ್ತರಿಂದ ಐವತ್ತು ಸಾವಿರ ಜನಸಂಖ್ಯೆಯ ಊರಿಗೆ ಪುರಸಭೆ. ಇಪ್ಪತ್ತೈದು ಸಾವಿರ ಜನರ ಊರಿನಲ್ಲಿ ಇಪ್ಪತ್ತಮೂರು ವಾರ್ಡ್ ಇದ್ದರೆ ಒಂದು ವಾರ್ಡಿಗೆ ಸಾವಿರಕ್ಕೆ ಚೂರು ಮೇಲ್ಪಟ್ಟು ಜನ. ಮತದಾರರು ಎಂಟುನೂರು, ಮತ ಹಾಕುವವರು ಆರುನೂರು ಎಂದುಕೊಂಡರೆ ತ್ರಿಕೋನ ಸ್ಪರ್ಧೆಯಲ್ಲಿ ಇನ್ನೂರೈವತ್ತು ಮತಕ್ಕೆ ಗೆಲುವು. ಐದೋ ಹತ್ತೋ ಮತದ ಅಂತರದಲ್ಲಿ ಫಲಿತಾಂಶ ಬರುವುದು, ಸಮಬಲವಾಗಿ ಚೀಟಿ ಎತ್ತುವುದು ಇಲ್ಲಿ ಅಪರೂಪವಲ್ಲ. ಪಂಚಾಯಿತಿ ಸದಸ್ಯರನ್ನು ಬಿಟ್ಟರೆ ಇಷ್ಟು ಹತ್ತಿರದ ಪ್ರತಿನಿಧಿ ನಮ್ಮ ಇಡೀ ವ್ಯವಸ್ಥೆಯಲ್ಲಿ ಬೇರೆ ಯಾರೂ ಇಲ್ಲ. ಸಂಸದರ ಮನೆ ಬಾಗಿಲನ್ನು ರಾತ್ರಿ ಹನ್ನೊಂದಕ್ಕೆ ತಟ್ಟುವವರು ಯಾರು? ಸದಸ್ಯರ ಬಾಗಿಲನ್ನು ತಟ್ಟುತ್ತಾರೆ: ನೀರು ಬಂದಿಲ್ಲ, ಸತ್ತ ನಾಯಿ ಬಿದ್ದಿದೆ, ಮೋರಿ ಕಟ್ಟಿಕೊಂಡು ಒಳಗೆ ನುಗ್ಗಿದೆ. ಅವರು ಎದ್ದು ಬರುತ್ತಾರೆ, ಬರಲೇಬೇಕು, ಇನ್ನೂರೈವತ್ತರಲ್ಲಿ ಆ ಮನೆಯದು ನಾಲ್ಕು ಮತ. ಬಂದು ಮಾಡುವುದು ನೀರುಗಂಟಿಗೆ ಫೋನು. ಹೊಣೆ ಪೂರ್ತಿ ತನ್ನದು, ಅಧಿಕಾರ ಎಳ್ಳಷ್ಟೂ ಇಲ್ಲ ಎಂಬ ಈ ಸ್ಥಿತಿಯಲ್ಲಿ ನಿಂತು ಗೆಲ್ಲಲು ಯಾರಿಗೆ ಮನಸ್ಸಾದೀತು? ಸೇವೆಯ ಹುಚ್ಚು ಇರುವ ಕೆಲವರಿಗೆ, ಮುಂದೆ ತಾಲ್ಲೂಕಿನ ರಾಜಕಾರಣಕ್ಕೆ ಹಾರಲು ಕಾಲೂರಬೇಕಾದವರಿಗೆ, ಮತ್ತೆ ಗುತ್ತಿಗೆ, ಖಾತೆ, ಪುರಸಭೆ ಮಳಿಗೆಗಳ ಬಾಡಿಗೆ ಇವುಗಳಲ್ಲಿ ತಮ್ಮ ಪಾಲು ಹುಡುಕುವವರಿಗೆ. ಮೂರನೆಯವರ ಸಂಖ್ಯೆ ಹೆಚ್ಚಿದೆ ಎಂದು ಊರು ಗೊಣಗುತ್ತದೆ. ನೀತಿ ರೂಪಿಸುವ ಕೆಲಸವನ್ನೆಲ್ಲ ಕಿತ್ತುಕೊಂಡು ಬಿಲ್ಲಿಗೆ ಸಹಿಯನ್ನಷ್ಟೇ ಉಳಿಸಿದರೆ ಸಹಿಯ ಬೆಲೆ ಬಲ್ಲವರೇ ಬರುತ್ತಾರೆ.

'ಆಡಳಿತಾಧಿಕಾರಿ ಇದ್ದಾಗಲೇ ಕೆಲಸ ಆಗುತ್ತೆ ಬಿಡಿ' ಎಂಬ ಮಾತು ಇದೇ ಗೊಣಗಿನ ಮುಂದುವರಿಕೆ. ಇದನ್ನು ಸುಮ್ಮನೆ ತಳ್ಳಿಹಾಕುವ ಹಾಗಿಲ್ಲ, ಇದರಲ್ಲಿ ಅನುಭವವಿದೆ. ಸದಸ್ಯರಿಲ್ಲದಾಗ ಕಡತ ಬೇಗ ಓಡುತ್ತದೆ, ಒತ್ತುವರಿ ತೆರವಿಗೆ ಬಂದ ಜೆಸಿಬಿಯ ಮುಂದೆ ಕೈಕಟ್ಟಿ ನಿಲ್ಲುವವರು ಇರುವುದಿಲ್ಲ, ವರ್ಷಗಳಿಂದ ಮುಟ್ಟದ ಮಳಿಗೆ ಹರಾಜು ನಡೆದೀತು. ಆಡಳಿತಾಧಿಕಾರಿಗಳಾದ ಕೆಲವು ಉಪವಿಭಾಗಾಧಿಕಾರಿಗಳು ಬೆಳಗ್ಗೆ ಆರಕ್ಕೇ ವಾರ್ಡ್ ಸುತ್ತಿ ಹೆಸರು ಮಾಡಿದ್ದೂ ಉಂಟು. ಆದರೆ ಅದೇ ಅಧಿಕಾರಿಯ ತಲೆಯ ಮೇಲೆ ಹಲವು ತಾಲ್ಲೂಕುಗಳ ಭೂವ್ಯಾಜ್ಯ, ಭೂಸ್ವಾಧೀನ, ಕಾನೂನು ಸುವ್ಯವಸ್ಥೆ, ಸಚಿವರ ಪ್ರವಾಸ ಎಲ್ಲ ಇವೆ. ಅಂಥವರಿಗೆ ಪುರಸಭೆ ವಾರದಲ್ಲಿ ಒಂದು ಮಧ್ಯಾಹ್ನ ಸಹಿ ಹಾಕಬೇಕಾದ ಕಡತಗಳ ಒಂದು ಕಂತೆ. ಸಾಮಾನ್ಯ ಸಭೆ ಇರುವುದಿಲ್ಲ. ಠರಾವಿಗೆ ಸೂಚಕರೂ ಅವರೇ, ಅನುಮೋದಕರೂ ಅವರೇ, ಸರ್ವಾನುಮತದ ಅಂಗೀಕಾರವೂ ಅವರದೇ. ಕಡತ ಬೇಗ ಓಡಿತು ನಿಜ, ಎತ್ತ ಓಡಿತು ಎಂದು ಕೇಳುವವರು ಆ ಕೋಣೆಯಲ್ಲಿಲ್ಲ. ನಾಳೆ ವರ್ಗವಾಗಿ ಹೋದವರನ್ನು ಊರು ಏನೆಂದು ಸೋಲಿಸುತ್ತದೆ?

ಸಭೆಯ ಗದ್ದಲವನ್ನು ತಮಾಷೆ ಮಾಡುವುದು ಪತ್ರಿಕೆಗಳಿಗೂ ರೂಢಿ. 'ನಗರಸಭೆ ಸಾಮಾನ್ಯ ಸಭೆಯಲ್ಲಿ ಗದ್ದಲ' ಎಂಬ ತಲೆಬರಹವನ್ನು ಅಚ್ಚಿನಲ್ಲಿ ಹಾಗೇ ಇಟ್ಟುಕೊಂಡಿರಬೇಕು, ಊರ ಹೆಸರು ಬದಲಿಸಿದರಾಯಿತು. ಆ ವರದಿಯನ್ನು ಕೊನೆಯವರೆಗೂ ಓದಿದರೆ ಮಾತ್ರ, ಕುಡಿಯುವ ನೀರಿನ ಟ್ಯಾಂಕರಿನ ಬಿಲ್ಲು ಬೇಸಿಗೆ ಮುಗಿದ ಮೇಲೂ ಹೇಗೆ ಬಂತೆಂದು ಒಬ್ಬ ಸದಸ್ಯ ಎದ್ದು ಕೇಳಿದ್ದು ಕಾಣಿಸುತ್ತದೆ. ಆ ಪ್ರಶ್ನೆ ಕೇಳಿಸಿದ್ದು ಗದ್ದಲದ ನಡುವೆಯೇ. ಮಡಿಕೇರಿಯ 'ಶಕ್ತಿ', ಮೈಸೂರಿನ 'ಆಂದೋಲನ'ದಂಥ ಜಿಲ್ಲಾ ಪತ್ರಿಕೆಗಳು ದಶಕಗಳ ಕಾಲ ಊರಿನ ಇಂಥ ಸುದ್ದಿಗೆ ಜಾಗ ಕೊಟ್ಟು ಬಾಳಿದವು. ಈಗ ಅದೇ ಓದುಗ ಬೆರಳ ತುದಿಯಲ್ಲಿ ಟ್ರಂಪ್ ಸುಂಕದ ಬಗ್ಗೆ, ದೆಹಲಿಯ ಗಾಳಿಯ ಬಗ್ಗೆ ಖಚಿತ ಅಭಿಪ್ರಾಯ ಇಟ್ಟುಕೊಂಡಿದ್ದಾನೆ. ತನ್ನ ಊರಿನ ಕಸ ಯಾವ ಕೆರೆಯ ದಂಡೆಗೆ ಹೋಗಿ ಬೀಳುತ್ತಿದೆ ಎಂದು ಕೇಳಿದರೆ ಒಂದು ಗಳಿಗೆ ಯೋಚಿಸುತ್ತಾನೆ.

ಚುನಾವಣೆ ನಡೆದಾಗಲೂ ಊರಿನ ಸುದ್ದಿ ರಾಜಧಾನಿಯ ಸುದ್ದಿಯಾಗಿಬಿಡುತ್ತದೆ. ಗ್ರಾಮ ಪಂಚಾಯಿತಿಗೆ ಪಕ್ಷದ ಚಿಹ್ನೆ ಇಲ್ಲ, ಪುರಸಭೆಗೆ ಇದೆ. 2021ರ ಡಿಸೆಂಬರ್ ಕೊನೆಯಲ್ಲಿ 58 ನಗರ ಸ್ಥಳೀಯ ಸಂಸ್ಥೆಗಳ 1,184 ವಾರ್ಡುಗಳ ಫಲಿತಾಂಶ ಬಂತು. ಕಾಂಗ್ರೆಸ್‌ಗೆ 498, ಬಿಜೆಪಿಗೆ 437, ಜೆಡಿಎಸ್‌ಗೆ 45. ಅಂದು ಸಂಜೆಯ ಚರ್ಚೆಗಳಲ್ಲಿ ಇದು 2023ರ ವಿಧಾನಸಭೆಗೆ ದಿಕ್ಸೂಚಿಯೇ, ಮುಖ್ಯಮಂತ್ರಿಗೆ ಹಿನ್ನಡೆಯೇ ಎಂಬುದೇ ಮಾತು. ಉಳಿದ 204 ವಾರ್ಡುಗಳನ್ನು ಪಕ್ಷೇತರರು, ಇತರರು ಗೆದ್ದಿದ್ದರು, ಅಂದರೆ ಆರರಲ್ಲಿ ಒಂದು. ಅಲ್ಲಿನ ಜನ ದೊಡ್ಡ ಪಕ್ಷಗಳ ಚಿಹ್ನೆ ದಾಟಿ ಯಾರನ್ನು, ಯಾಕೆ ಆರಿಸಿದರು ಎಂಬುದು ನಿಜವಾಗಿ ಕುತೂಹಲದ ವಿಷಯ. ಅದನ್ನು ಕೇಳಲು ಆ ಊರುಗಳಿಗೆ ಹೋಗಬೇಕು, ಸ್ಟುಡಿಯೋದಲ್ಲಿ ಕೂತರೆ ಸಿಗುವುದಿಲ್ಲ. ಪಕ್ಷದ ಚಿಹ್ನೆಯನ್ನೇ ತೆಗೆದುಬಿಡಿ ಎಂಬ ವಾದವೂ ಇದೆ. ಅದರಿಂದ ದೊಡ್ಡ ಪ್ರಯೋಜನ ಆದೀತೆಂದು ತೋರುವುದಿಲ್ಲ. ಚಿಹ್ನೆ ಇಲ್ಲದ ಪಂಚಾಯಿತಿಯಲ್ಲಿ ಯಾರು ಯಾವ ಪಕ್ಷದವರೆಂದು ಹಳ್ಳಿಯ ಮಕ್ಕಳಿಗೂ ಗೊತ್ತು.

ಅಧ್ಯಕ್ಷರ ಕೊಠಡಿಗೆ ಬಿದ್ದ ಬೀಗದ ಕೀಲಿ ಇರುವುದು ಮೀಸಲಾತಿ ಪಟ್ಟಿಯಲ್ಲಿ. ಪಟ್ಟಿ ಎಂದ ಕೂಡಲೇ ಮೀಸಲಾತಿಯೇ ತೊಡಕು ಎನ್ನುವವರಿದ್ದಾರೆ, ಅದು ತಪ್ಪು ವಿಳಾಸ. ಪರಿಶಿಷ್ಟರು, ಹಿಂದುಳಿದವರು, ಮಹಿಳೆಯರು ಅಧ್ಯಕ್ಷರ ಕುರ್ಚಿಯಲ್ಲಿ ಕೂತದ್ದು ಈ ಮೂರು ದಶಕಗಳಲ್ಲಿ ಸಣ್ಣ ಊರು ಕಂಡ ದೊಡ್ಡ ಬದಲಾವಣೆ. ಗಂಡಂದಿರ ದರ್ಬಾರಿನ ದೂರು ನಿಜವಾದರೂ ಎರಡನೇ ಸಲ ಗೆದ್ದ ಹೆಂಗಸರು ಗಂಡನನ್ನು ಕಾರಿಡಾರಿನಲ್ಲೇ ಕೂರಿಸಿದ ಉದಾಹರಣೆಗಳೂ ಊರೂರಿನಲ್ಲಿವೆ. ತೊಡಕು ಇರುವುದು ಪಟ್ಟಿಯನ್ನು ಯಾರು ಬರೆಯುತ್ತಾರೆ, ಯಾವಾಗ ಬರೆಯುತ್ತಾರೆ ಎಂಬುದರಲ್ಲಿ. ಸರ್ಕಾರ ಬರೆಯುತ್ತದೆ, ಫಲಿತಾಂಶ ಬಂದ ಮೇಲೆ ಬರೆಯುತ್ತದೆ. ಯಾವ ಪಕ್ಷದಲ್ಲಿ ಯಾವ ವರ್ಗದವರು ಗೆದ್ದಿದ್ದಾರೆ, ಎದುರಾಳಿಗಳಲ್ಲಿ ಯಾವ ವರ್ಗದವರಿಲ್ಲ ಎಂದು ಊರಿಗೆಲ್ಲ ಗೊತ್ತಾದ ಮೇಲೆ ಬಂದ ಪಟ್ಟಿಯನ್ನು ಪ್ರಾಮಾಣಿಕವಾಗಿಯೇ ಬರೆದಿದ್ದರೂ ಯಾರು ನಂಬುತ್ತಾರೆ? ಕೋರ್ಟಿಗೆ ಹೋಗದೆ ಇನ್ನೇನು ಮಾಡುತ್ತಾರೆ?

ಮೀಸಲಾತಿಯ ಸರದಿ ಎಂಬುದು ಗಣಿತ. ಯಾವ ಪುರಸಭೆಗೆ ಯಾವ ಅವಧಿಗೆ ಯಾವ ವರ್ಗ ಎಂದು ಇಪ್ಪತ್ತು ವರ್ಷ ಮುಂದಿನವರೆಗೂ ಇಂದೇ ಕೋಷ್ಟಕ ಹಾಕಿ ನೋಟಿಸ್ ಬೋರ್ಡಿಗೆ ಅಂಟಿಸಬಹುದು. ಜನಗಣತಿ ಬಂದಾಗ ತಿದ್ದಬೇಕಾದದ್ದನ್ನು ತಿದ್ದಿದರಾಯಿತು. ಅದನ್ನು ಮಾಡಬೇಕಾದದ್ದು ಚುನಾವಣೆಯ ಸೋಲುಗೆಲುವಿನಲ್ಲಿ ಪಾಲಿಲ್ಲದ ರಾಜ್ಯ ಚುನಾವಣಾ ಆಯೋಗ. ಪಕ್ಕದ ಕೇರಳದಲ್ಲಿ 1995ರಿಂದ ಐದೈದು ವರ್ಷಕ್ಕೆ ಸ್ಥಳೀಯ ಚುನಾವಣೆ ನಡೆದುಕೊಂಡು ಬಂದಿದೆ. 2020ರಲ್ಲಿ ಕೊರೊನಾ ಕಾರಣಕ್ಕೆ ತಡವಾದದ್ದು ವಾರಗಳಷ್ಟು. ಅಲ್ಲಿ ಅಧ್ಯಕ್ಷರಿಗೂ ಐದು ವರ್ಷ. 1996ರ ಜನಕೀಯ ಯೋಜನೆಯಲ್ಲಿ ರಾಜ್ಯದ ಯೋಜನಾ ಹಣದ ಮೂರನೇ ಒಂದಕ್ಕೂ ಮಿಗಿಲಾದ ಪಾಲು ಸ್ಥಳೀಯ ಸಂಸ್ಥೆಗಳಿಗೆ ಹೋಗತೊಡಗಿದ ಮೇಲೆ, ಚುನಾವಣೆ ತಡವಾದರೆ ಊರಿಗೆ ಅದು ತಟ್ಟಲೇಬೇಕು. ಆಲಪ್ಪುಳದಲ್ಲಿ ಕಸ ಸುರಿಯುವ ಜಾಗದ ಸುತ್ತಲಿನ ಹಳ್ಳಿಯವರು ಲಾರಿ ತಡೆದಾಗ, 2012ರ ಹೊತ್ತಿಗೆ ನಗರಸಭೆ ಮನೆಮನೆಯಲ್ಲೂ ವಾರ್ಡಿನಲ್ಲೂ ಗೊಬ್ಬರ ಮಾಡುವ ದಾರಿ ಹಿಡಿಯಿತು. ಕೇರಳದಲ್ಲೂ ಜಗಳವಿದೆ, ಪಕ್ಷಗಳ ಹಿಡಿತ ಇಲ್ಲಿಗಿಂತ ಬಿಗಿ. ಆದರೂ ಜಗಳವಾಡಲು ಅಲ್ಲಿ ಒಂದು ಸಭೆಯಾದರೂ ಇದೆ.

ಕರ್ನಾಟಕ ಹೊರಟಿರುವುದು ಎದುರು ದಿಕ್ಕಿಗೆ. ಪಂಚಾಯಿತಿಗಳ ಕ್ಷೇತ್ರ ವಿಂಗಡಣೆ, ಮೀಸಲಾತಿ ನಿಗದಿಯ ಕೆಲಸ ಚುನಾವಣಾ ಆಯೋಗದ ಕೈಯಲ್ಲಿತ್ತು. 2021ರಲ್ಲಿ ಕಾನೂನು ತಿದ್ದಿ ಅದನ್ನು ಕಿತ್ತುಕೊಂಡು ಬೇರೆ ಆಯೋಗಕ್ಕೆ ಕೊಡಲಾಯಿತು. ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳಿಗೆ ಕೊನೆಯ ಬಾರಿ ಮತದಾನವಾದದ್ದು 2016ರ ಫೆಬ್ರುವರಿಯಲ್ಲಿ, ಅವುಗಳ ಅವಧಿ ಮುಗಿದದ್ದು 2021ರಲ್ಲಿ. ಬೆಂಗಳೂರು ಮಹಾನಗರ ಪಾಲಿಕೆಗೆ 2015ರ ಆಗಸ್ಟ್‌ನಲ್ಲಿ ಆದದ್ದೇ ಕಡೆಯ ಚುನಾವಣೆ. 2020ರ ಸೆಪ್ಟೆಂಬರ್‌ನಲ್ಲಿ ಅವಧಿ ಮುಗಿದ ಆ ಪಾಲಿಕೆ ಮತ್ತೊಂದು ಚುನಾವಣೆ ಕಾಣದೆಯೇ 2025ರಲ್ಲಿ ಐದು ಪಾಲಿಕೆಗಳಾಗಿ ಒಡೆಯಿತು. ಅವಧಿ ಮುಗಿಯುವ ಮೊದಲೇ ಚುನಾವಣೆ ಮುಗಿದಿರಬೇಕು ಎನ್ನುತ್ತದೆ ಸಂವಿಧಾನದ 243–ಯು ವಿಧಿ. ಅಹಮದಾಬಾದ್ ಪಾಲಿಕೆಯ ಪ್ರಕರಣದಲ್ಲಿ 2006ರಲ್ಲೇ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಈ ಮಾತನ್ನು ಒತ್ತಿ ಹೇಳಿದೆ. ಅಹಮದಾಬಾದ್ ಎಂದಾಗ ನೆನಪಾಗುವ ಇನ್ನೊಂದು ಸಂಗತಿ: ವಲ್ಲಭಭಾಯಿ ಪಟೇಲರು 1924ರಿಂದ 1928ರವರೆಗೆ ಅದೇ ಊರಿನ ಮುನಿಸಿಪಾಲಿಟಿಯ ಅಧ್ಯಕ್ಷರಾಗಿ ನೀರು, ಚರಂಡಿ, ಕಸದ ಲೆಕ್ಕ ನೋಡಿದವರು. ಅದೇ ದಶಕದಲ್ಲಿ ನೆಹರೂ ಅಲಹಾಬಾದಿನಲ್ಲಿ ಅದೇ ಕುರ್ಚಿಯಲ್ಲಿದ್ದರು. ಪರಕೀಯರ ಆಳ್ವಿಕೆಯಲ್ಲೂ ಆ ಕುರ್ಚಿಗೆ ಅಂಥವರನ್ನು ಸೆಳೆಯುವಷ್ಟು ತೂಕವಿತ್ತು.

2018ರಲ್ಲಿ ಗೆದ್ದವರ ಅವಧಿ ಮುಗಿದ ಊರುಗಳಲ್ಲಿ ಕಾರಿನ ಕೀಲಿ ವಾಪಸಾಗಿದೆ, ಕೊಠಡಿಯ ಕಿಟಕಿ ಮುಚ್ಚಿದೆ. ಗೋಡೆಯ ಹಲಗೆಯ ಮೇಲೆ ಕೊನೆಯ ಅಧ್ಯಕ್ಷರ ಹೆಸರಿನ ಕೆಳಗೆ ಬಣ್ಣದವರು ಮತ್ತೆ 'ಆಡಳಿತಾಧಿಕಾರಿ' ಎಂದು ಬರೆಯುತ್ತಾರೆ, ಯಾವಾಗಿನಿಂದ ಎಂಬ ತಾರೀಕನ್ನೂ ಹಾಕುತ್ತಾರೆ. ಯಾವಾಗಿನವರೆಗೆ ಎಂಬ ಜಾಗವನ್ನು ಖಾಲಿ ಬಿಟ್ಟು ಡಬ್ಬಿಯ ಮುಚ್ಚಳ ಹಾಕುತ್ತಾರೆ.